ನಂಜು, ಹೃದಯ ಮತ್ತು ಜೀವಕೋಶಗಳ ಮಾತುಕತೆ

(ಗೌನಿಪಲ್ಲಿಯಲ್ಲಿ ವಿವಾಹಿತ ದಂಪತಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಕುಟುಂಬ ಕಲ್ಯಾಣದ ಸಭೆಯೆಂದರೆ ಮಕ್ಕಳ ಸಂಖ್ಯೆ, ಹೆರಿಗೆಗಳ ನಡುವಣ ಅಂತರ, ಮಕ್ಕಳಿಗೆ ಹಾಕಿಸಬೇಕಾದ ಲಸಿಕೆ, ಇವುಗಳ ವಿಚಾರವನ್ನೇ ನಿರೀಕ್ಷಿಸಿ ನೀವು ಬಂದಿರುತ್ತೀರಿ. ಇಂದು ನಾನು ಹೃದಯದ ವಿಚಾರವನ್ನು ಎತ್ತಿಕೊಂಡಿದ್ದೇನೆ. “ಹೃದಯದ ಕಾಯಿಲೆ ವಯಸ್ಸಾದವರಿಗೆ ಬರುವಂಥದು, ಹಸುಗೂಸಿನ ತಾಯಿಗೂ ಅದಕ್ಕೂ ಏನು ಸಂಬಂಧ?” ಎಂದು ನೀವು ಕೇಳಬಹುದು. ಸಂಬಂಧವಿದೆ. ಹೆರಿಗೆಯಾದ ಮೇಲೆ, ಗರ್ಭಪಾತವಾದ ಮೇಲೆ, ಅಥವಾ ಹುಟ್ಟಿದ ಮಗುವಿನ ಹೊಕ್ಕುಳಲ್ಲಿ ಕೀವಾದ ಮೇಲೆ ರೋಗಾಣುಗಳು ಮೈಯೆಲ್ಲ ಹರಡಿದಾಗ ಪೆಟ್ಟು ತಿನ್ನುವ ಅಂಗಗಳಲ್ಲಿ ಹೃದಯವೂ ಒಂದು. ಆ ಪೆಟ್ಟಿನಿಂದ ತನ್ನನ್ನು ಕಾಪಾಡಿಕೊಳ್ಳುವ ಉಪಾಯವೂ ದೇಹದಲ್ಲಿಯೇ ಇದೆ. ಆ ಉಪಾಯ ಫಲಿಸಬೇಕಾದರೆ ಅದಕ್ಕೆ ಕಾಲಾವಕಾಶ ಬೇಕು. ಆ ಕಾಲಾವಕಾಶವನ್ನು ಒದಗಿಸಿಕೊಡಬೇಕಾದವರು ಗಂಡ ಹೆಂಡಿರಾದ ನೀವು. ನನ್ನ ಮಾತಿನ ಸಾರವೆಲ್ಲ ಇಷ್ಟೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತೀವ್ರ ನಂಜು ಎಂದರೇನು?

ಗಾಯದಲ್ಲಿ ಕೀವಾಗುವುದು, ಜ್ವರ ಬರುವುದು ಎಲ್ಲರಿಗೂ ತಿಳಿದ ಸಂಗತಿ. ಸಾಮಾನ್ಯವಾಗಿ ರೋಗಾಣು ಹೊಕ್ಕ ಸ್ಥಳದಲ್ಲಿಯೇ ದೇಹವು ಅದನ್ನು ತಡೆದು ನಿಲ್ಲಿಸುತ್ತದೆ. ಕೆಲವೊಮ್ಮೆ ಹೋರಾಟ ಅಲ್ಲಿಗೆ ನಿಲ್ಲುವುದಿಲ್ಲ. ರೋಗಾಣುವಿನ ವಿರುದ್ಧ ದೇಹವೇ ಹೂಡಿದ ಹೋರಾಟ ಮಿತಿಮೀರಿ, ಮೂತ್ರಪಿಂಡ, ಶ್ವಾಸಕೋಶ, ಮಿದುಳು, ಹೃದಯ ಮುಂತಾದ ಅಂಗಗಳು ಕೆಡತೊಡಗುತ್ತವೆ. ಇದನ್ನು ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ನಾವು ತೀವ್ರ ನಂಜು ಎನ್ನೋಣ. 2017ನೆಯ ವರ್ಷ ಒಂದರಲ್ಲಿಯೇ ಪ್ರಪಂಚದಲ್ಲಿ ಸುಮಾರು 4 ಕೋಟಿ 89 ಲಕ್ಷ ಮಂದಿಗೆ ತೀವ್ರ ನಂಜು ತಗುಲಿ, ಸುಮಾರು 1 ಕೋಟಿ 10 ಲಕ್ಷ ಮಂದಿ ಮಡಿದರೆಂದು ತಜ್ಞರು ಅಂದಾಜು ಮಾಡಿದ್ದಾರೆ. ಚಿಕ್ಕ ಮಕ್ಕಳಲ್ಲಿ ಇದರ ಹಾವಳಿ ಹೆಚ್ಚು. ಅದೇ ವರ್ಷ ವಿಶ್ವ ಆರೋಗ್ಯ ಸಭೆಯು ಇದರ ತಡೆಗಟ್ಟುವಿಕೆಯನ್ನು ಎಲ್ಲ ರಾಷ್ಟ್ರಗಳ ಕರ್ತವ್ಯವೆಂದು ನಿರ್ಣಯಿಸಿತು.

ನಂಜಿನಲ್ಲಿ ಹೃದಯಕ್ಕೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಮ್ಮ ಸೀಮೆಯ ಒಂದು ಉದಾಹರಣೆ ಸಾಕು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದಿನವರು ಕೆರೆ ಬಾವಿಗಳನ್ನು ನಂಬಿ ಬದುಕಿದರು. ಬಾವಿಯಿಂದ ನೀರೆತ್ತಲು ಕಪಿಲೆ, ಕಪಿಲೆ ಎಳೆಯಲು ಎತ್ತು ಇರುತ್ತಿದ್ದವು. ಯಾವ ಗದ್ದೆಗೆ ಎಷ್ಟು ನೀರೆಂದು ನೋಡಿ ಕೆರೆಯ ತೂಬನ್ನು ತೆರೆದು ಮುಚ್ಚಲು ನೀರಗಂಟಿ ಇರುತ್ತಿದ್ದನು. ಇಲ್ಲಿರುವ ಹಿರಿಯರು ಇವನ್ನು ಕಣ್ಣಾರೆ ಕಂಡಿರಬಹುದು. ನಮ್ಮ ಮೈಯಲ್ಲಿ ಹೃದಯವು ಆ ಎತ್ತಿನಂತೆ, ರಕ್ತನಾಳಗಳು ಕಾಲುವೆಗಳಂತೆ. ಮುಷ್ಟಿಯಷ್ಟು ಗಾತ್ರದ ಹೃದಯವು ಮಿನಿಟಿಗೆ ಸುಮಾರು 70 ಸಲ, ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿದು, ಮಿನಿಟಿಗೆ ಸುಮಾರು 5 ಲೀಟರ್ ರಕ್ತವನ್ನು ಮುಂದಕ್ಕೆ ದೂಡುತ್ತದೆ.

ತೀವ್ರ ನಂಜಿನಲ್ಲಿ ಮೈಯೊಳಗಿನ ಕಾಲುವೆಗಳು ಒಮ್ಮೆಲೇ ಅಗಲವಾಗುತ್ತವೆ. ಏರಿಗಳಲ್ಲಿ ಬಿರುಕು ಬಿಟ್ಟಂತೆ ನೀರಿನಂಶವು ನಾಳಗಳಿಂದ ಹೊರಕ್ಕೆ ಸೋರುತ್ತದೆ. ರಕ್ತದ ಒತ್ತಡ ಇಳಿಯುತ್ತದೆ. ಗದ್ದೆಯ ಕೊನೆಗೆ ನೀರು ಮುಟ್ಟಬೇಕಾದರೆ ಎತ್ತು ಇನ್ನೂ ವೇಗವಾಗಿ ಎಳೆಯಬೇಕು. ಹೃದಯವು ಮಿನಿಟಿಗೆ 100, 120 ಸಲ ಬಡಿಯತೊಡಗುತ್ತದೆ. ಅದೇ ಹೊತ್ತಿನಲ್ಲಿ ನಂಜಿನ ವಸ್ತುಗಳು ಹೃದಯದ ಸ್ನಾಯುವನ್ನೇ ಬಲಗುಂದಿಸುತ್ತವೆ. ಹೊರೆ ಹೆಚ್ಚುತ್ತದೆ, ಎತ್ತಿನ ಶಕ್ತಿ ತಗ್ಗುತ್ತದೆ. ಇದು ರಕ್ತನಾಳ ಕಟ್ಟಿಕೊಂಡು ಬರುವ ಹೃದಯಾಘಾತವಲ್ಲ ಎಂಬುದನ್ನು ನೆನಪಿಡಿ. ಎಂದೂ ಹೃದಯದ ತೊಂದರೆಯಿಲ್ಲದ ಇಪ್ಪತ್ತರ ಹರೆಯದ ಬಾಣಂತಿಗೂ ಇದು ಬರಬಹುದು.

ಜೀವಕೋಶಗಳು ಮಾತನಾಡುತ್ತವೆಯೇ?

ನಮ್ಮ ದೇಹವು ಕೋಟಿ ಕೋಟಿ ಜೀವಕೋಶಗಳಿಂದಾದುದು. ಇಟ್ಟಿಗೆಗಳಿಂದ ಗೋಡೆ ಆದಂತೆ ಎಂದು ಹೇಳುವುದುಂಟು. ಆದರೆ ಇಟ್ಟಿಗೆಗೆ ಪಕ್ಕದ ಇಟ್ಟಿಗೆಯ ಅರಿವಿಲ್ಲ; ಜೀವಕೋಶಕ್ಕೆ ನೆರೆಯ ಕೋಶದ ಅರಿವುಂಟು. ಅವು ಒಂದಕ್ಕೊಂದು ಸಂದೇಶ ಕಳುಹಿಸುತ್ತಲೇ ಇರುತ್ತವೆ.

ಇದನ್ನು ಹೃದಯದ ಮೇಲೆಯೇ ತೋರಿಸಿಕೊಟ್ಟವರು ಆಸ್ಟ್ರಿಯಾ ದೇಶದ ಗ್ರಾಜ್ ನಗರದಲ್ಲಿದ್ದ ಆಟೊ ಲೋವಿ ಎಂಬ ವಿಜ್ಞಾನಿ. 1921ರಲ್ಲಿ ಪ್ರಕಟವಾದ ಅವರ ಪ್ರಯೋಗ ಬಹು ಸರಳವಾದುದು. ಅವರು ಎರಡು ಕಪ್ಪೆಗಳ ಹೃದಯಗಳನ್ನು ತೆಗೆದು ಲವಣಜಲದಲ್ಲಿ ಮಿಡಿಯುವಂತೆ ಇರಿಸಿದರು. ಮೊದಲನೆಯ ಹೃದಯಕ್ಕೆ ಸೇರಿದ ವೇಗಸ್ ಎಂಬ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದ ಸುತ್ತಲಿದ್ದ ದ್ರವವನ್ನು ತೆಗೆದು ಎರಡನೆಯದಕ್ಕೆ ಹಾಕಿದರು. ಅದನ್ನು ಯಾರೂ ಪ್ರಚೋದಿಸಿರಲಿಲ್ಲ. ಆದರೂ ಅದರ ಬಡಿತವೂ ನಿಧಾನವಾಯಿತು. ಅಂದರೆ ನರದ ತುದಿಯು ಒಂದು ವಸ್ತುವನ್ನು ಹೊರಗೆಡಹಿ, ಅದರ ಮೂಲಕ ಹೃದಯದ ಕೋಶಗಳಿಗೆ “ನಿಧಾನ” ಎಂದು ಹೇಳಿತ್ತು. ಆ ವಸ್ತುವಿನ ಹೆಸರು ಅಸಿಟೈಲ್‌ಕೋಲಿನ್. ಈ ಬಗೆಯ ಸಂಶೋಧನೆಗಾಗಿ ಲೋವಿಯವರಿಗೂ ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೂ 1936ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕೋಶಗಳ ಮಾತುಕತೆ ಹಲವು ಬಗೆಯದು. ಹೃದಯದ ಸ್ನಾಯುಕೋಶಗಳು ಒಂದಕ್ಕೊಂದು ಅಂಟಿಕೊಂಡಿದ್ದು, ನಡುವೆ ಅತಿ ಸಣ್ಣ ಕಂಡಿಗಳನ್ನು ಇಟ್ಟುಕೊಂಡಿವೆ. ಆ ಕಂಡಿಗಳ ಮೂಲಕ ವಿದ್ಯುತ್ ಸಂಕೇತ ದಾಟುವುದರಿಂದಲೇ ಎಲ್ಲವೂ ಒಟ್ಟಿಗೆ ಸಂಕೋಚಗೊಳ್ಳುತ್ತವೆ. ಹಗ್ಗ ಎಳೆಯುವವರು ಒಂದೇ ಕೂಗಿಗೆ ಒಟ್ಟಾಗಿ ಎಳೆದಂತೆ. ಇನ್ನು ದೂರದ ಕೋಶಗಳಿಗೆ ಸಂದೇಶ ಕಳುಹಿಸಬೇಕಾದರೆ, ಕೋಶಗಳು ರಾಸಾಯನಿಕ ವಸ್ತುಗಳನ್ನು ರಕ್ತಕ್ಕೆ ಬಿಡುತ್ತವೆ. ಮತ್ತೆ ಕೆಲವು ಸಲ ಕಣ್ಣಿಗೆ ಕಾಣದಷ್ಟು ಚಿಕ್ಕ ಪೊಟ್ಟಣಗಳನ್ನು ಕಟ್ಟಿ, ಒಳಗೆ ಸಂದೇಶವನ್ನಿಟ್ಟು ಕಳುಹಿಸುತ್ತವೆ. ಇವಕ್ಕೆ ಎಕ್ಸೊಸೋಮ್ ಎಂದು ಹೆಸರು.

“ಬನ್ನಿ” ಎಂಬ ಕೂಗು, “ಸಾಕು” ಎಂಬ ಮಾತು

ಊರಿಗೆ ಕಳ್ಳರು ನುಗ್ಗಿದರೆ ಮೊದಲು ಕಂಡವನು ಕೂಗುತ್ತಾನೆ. ಊರವರು ದೊಣ್ಣೆ ಹಿಡಿದು ಬರುತ್ತಾರೆ. ದೇಹದಲ್ಲಿಯೂ ಹಾಗೆಯೇ. ರೋಗಾಣುವನ್ನು ಮೊದಲು ಕಂಡ ಕಾವಲು ಕೋಶಗಳು ಟಿ.ಎನ್.ಎಫ್. ಮುಂತಾದ ವಸ್ತುಗಳನ್ನು ಬಿಟ್ಟು “ಬನ್ನಿ, ಬನ್ನಿ” ಎಂದು ಕೂಗುತ್ತವೆ. ಈ ಕೂಗು ಅವಶ್ಯವಾದುದು. ಇದಿಲ್ಲದಿದ್ದರೆ ಸಣ್ಣ ಗಾಯದಿಂದಲೇ ಮನುಷ್ಯ ಸಾಯುತ್ತಿದ್ದನು. ಆದರೆ ಕತ್ತಲಲ್ಲಿ ಕೂಗು ಹೆಚ್ಚಾಗಿ, ಬಂದವರು ಸಿಕ್ಕಸಿಕ್ಕವರನ್ನೆಲ್ಲ ಹೊಡೆಯತೊಡಗಿದರೆ ಕಳ್ಳನಿಗಿಂತ ಮನೆಯವರಿಗೇ ಹೆಚ್ಚು ಏಟು ಬೀಳುತ್ತದೆ. ತೀವ್ರ ನಂಜಿನಲ್ಲಿ ಆಗುವುದು ಇದೇ. ಮಿತಿಮೀರಿದ ಕೂಗಿನಿಂದ ಹೃದಯದ ಕೋಶಗಳೂ ಪೆಟ್ಟು ತಿನ್ನುತ್ತವೆ. ಕೋಶದೊಳಗೆ ಶಕ್ತಿಯನ್ನು ಉರಿಸುವ ಮೈಟೋಕಾಂಡ್ರಿಯ ಎಂಬ ಪುಟ್ಟ ಒಲೆಗಳು ಕೆಡುತ್ತವೆ.

ಹಾಗಾದರೆ “ಸಾಕು” ಎನ್ನುವವರಾರು? ನೀರು ಸಾಕೆನಿಸಿದಾಗ ತೂಬು ಮುಚ್ಚುವ ನೀರಗಂಟಿಯಂತೆ ದೇಹದಲ್ಲಿಯೂ ಕೆಲವರಿದ್ದಾರೆ. ಲೋವಿಯವರ ಕಪ್ಪೆಯ ಹೃದಯವನ್ನು ನಿಧಾನಗೊಳಿಸಿದ ಅದೇ ವೇಗಸ್ ನರವು ಅವರಲ್ಲೊಂದು. 2000ನೆಯ ವರ್ಷದಲ್ಲಿ ಅಮೆರಿಕದ ಕೆವಿನ್ ಟ್ರೇಸಿ ಮತ್ತು ಸಂಗಡಿಗರು ರೋಗಾಣುವಿನ ವಿಷವನ್ನು ಕೊಟ್ಟ ಇಲಿಗಳಲ್ಲಿ ಈ ನರವನ್ನು ಪ್ರಚೋದಿಸಿದಾಗ, ಟಿ.ಎನ್.ಎಫ್.ನ ಪ್ರಮಾಣ ತಗ್ಗಿ, ರಕ್ತದ ಒತ್ತಡ ಕುಸಿಯುವುದು ತಡೆಯಲ್ಪಟ್ಟಿತೆಂದು ತೋರಿಸಿದರು. ನರವು ಕಾವಲು ಕೋಶಗಳಿಗೆ “ಸಾಕು” ಎಂದು ಹೇಳಬಲ್ಲದು ಎಂಬುದು ಇದರಿಂದ ತಿಳಿದುಬಂದಿತು.

ಎರಡನೆಯವರು ಹೃದಯದಲ್ಲಿಯೇ ಮನೆ ಮಾಡಿಕೊಂಡಿರುವ ಒಂದು ಬಗೆಯ ಕಾವಲು ಕೋಶಗಳು. ಇವುಗಳ ಕೆಲಸ ಹೋರಾಟಕ್ಕಿಂತ ಹೆಚ್ಚಾಗಿ ಮನೆಗೆಲಸ. ಒಲೆಯ ಬೂದಿಯನ್ನು ದಿನವೂ ತೆಗೆಯದಿದ್ದರೆ ಬೆಂಕಿ ಸರಿಯಾಗಿ ಹತ್ತುವುದಿಲ್ಲ ಎಂಬುದನ್ನು ಇಲ್ಲಿರುವ ಸೋದರಿಯರು ಬಲ್ಲರು. ಹೃದಯದ ಸ್ನಾಯುಕೋಶವು ಕೆಟ್ಟುಹೋದ ತನ್ನ ಪುಟ್ಟ ಒಲೆಗಳನ್ನು ಗಂಟು ಕಟ್ಟಿ ಹೊರಗೆ ಹಾಕುತ್ತದೆಂದೂ, ಪಕ್ಕದಲ್ಲಿರುವ ಈ ಕೋಶಗಳು ಅವನ್ನು ನುಂಗಿ ಶುಚಿ ಮಾಡುತ್ತವೆಂದೂ 2020ರಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್ ನಗರದ ಸಂಶೋಧಕರು ಇಲಿಗಳಲ್ಲಿ ಕಂಡುಹಿಡಿದರು. 2023ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆಯು ನಂಜು ತಗುಲಿದ ಇಲಿಗಳ ಹೃದಯವನ್ನು ಪರೀಕ್ಷಿಸಿ, ಇಂಥ ಶುಚಿಕಾರ್ಯ ಮಾಡುವ ಕೋಶಗಳು ಹೃದಯವನ್ನು ಕಾಪಾಡುತ್ತವೆಂದೂ, ಅವುಗಳ ಆ ಶಕ್ತಿ ಕುಂದಿದರೆ ಹೃದಯ ಹೆಚ್ಚು ಬಲಗುಂದುತ್ತದೆಂದೂ ತಿಳಿಸಿತು.

ಮೂರನೆಯದು ನಾನು ಹೇಳಿದ ಪೊಟ್ಟಣಗಳು. ಅಮೆರಿಕದ ಸಿನ್ಸಿನಾಟಿಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂಳೆಯ ಮಜ್ಜೆಯಲ್ಲಿರುವ, ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಆಕರ ಕೋಶಗಳನ್ನು ನಂಜಿನ ಇಲಿಗಳಿಗೆ ಕೊಡಲಾಯಿತು. ಆ ಕೋಶಗಳು ಕಳುಹಿಸಿದ ಪೊಟ್ಟಣಗಳಲ್ಲಿ ಎಂಐಆರ್-223 ಎಂಬ ಸಂದೇಶವಿದ್ದಾಗ ಇಲಿಗಳ ಹೃದಯ ಚೇತರಿಸಿಕೊಂಡಿತು. ಆ ಸಂದೇಶವಿಲ್ಲದ ಪೊಟ್ಟಣಗಳಿಂದ ಈ ಪ್ರಯೋಜನವಾಗಲಿಲ್ಲ. ಕಾಪಾಡಿದ್ದು ಪೊಟ್ಟಣವಲ್ಲ, ಅದರೊಳಗಿನ ಮಾತು ಎಂದಾಯಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇವೆಲ್ಲ ಇಲಿಗಳಲ್ಲಿ ಕಂಡುಬಂದ ಸಂಗತಿಗಳು. ಮನುಷ್ಯರ ನಂಜಿಗೆ ಇವು ಇನ್ನೂ ಔಷಧಿಯಾಗಿ ಬಂದಿಲ್ಲ. ಹೃದಯವನ್ನು ನಂಜಿನಿಂದ ಕಾಪಾಡುವ ಕೋಶದ ಚುಚ್ಚುಮದ್ದು ಎಂದು ಯಾರಾದರೂ ಹೇಳಿ ಹಣ ಕೇಳಿದರೆ ನಂಬಬೇಡಿ.

ಬಳಲಿದ ಎತ್ತಿಗೆ ವಿಶ್ರಾಂತಿ

ಆದರೆ ಮನುಷ್ಯರಲ್ಲಿಯೇ ಕಂಡುಬಂದ ಒಂದು ಸಂಗತಿ ನಮಗೆ ಬಹಳ ಭರವಸೆ ಕೊಡುವಂಥದು. 1984ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವೈದ್ಯರು ತೀವ್ರ ನಂಜಿನಿಂದ ರಕ್ತದ ಒತ್ತಡ ಕುಸಿದಿದ್ದ 20 ರೋಗಿಗಳ ಹೃದಯವನ್ನು ದಿನದಿನವೂ ಪರೀಕ್ಷಿಸಿ ವರದಿ ಮಾಡಿದರು. ಅವರಲ್ಲಿ 13 ಮಂದಿ ಬದುಕುಳಿದರು. ಬದುಕಿದವರಲ್ಲಿ ಹೆಚ್ಚಿನವರ ಹೃದಯವು ಮೊದಲ ದಿನಗಳಲ್ಲಿ ಹಿಗ್ಗಿ, ಅದರ ಸಂಕೋಚನದ ಬಲ ಬಹಳವಾಗಿ ತಗ್ಗಿತ್ತು. ಆಶ್ಚರ್ಯವೆಂದರೆ, ಸುಮಾರು 10 ದಿನಗಳೊಳಗೆ ಅದು ಮೊದಲಿನಂತಾಯಿತು.

ಹೃದಯದ ಸ್ನಾಯುಕೋಶಗಳು ಚರ್ಮದ ಕೋಶಗಳಂತೆ ಸತ್ತು ಮತ್ತೆ ಮತ್ತೆ ಹುಟ್ಟುವಂಥವಲ್ಲ. ಹೃದಯವು 10 ದಿನಗಳಲ್ಲಿ ಮೊದಲಿನಂತಾಯಿತೆಂದರೆ ಅದರ ಕೋಶಗಳಲ್ಲಿ ಹೆಚ್ಚಿನವು ಸತ್ತಿರಲಿಲ್ಲ, ಕೆಲಸವನ್ನು ತಗ್ಗಿಸಿಕೊಂಡಿದ್ದವು ಎಂದರ್ಥ. ನಂಜಿನ ನಡುವೆ ಶಕ್ತಿ ಸಾಲದಾದಾಗ, ಸಾಯುವುದರ ಬದಲು ಕೆಲಸವನ್ನು ಕಡಿಮೆ ಮಾಡಿ ಜೀವ ಉಳಿಸಿಕೊಳ್ಳುವುದು ಹೃದಯದ ಒಂದು ರಕ್ಷಣೋಪಾಯವಿರಬಹುದೆಂದು ಕೆಲವು ವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದಾರೆ. ಎಲ್ಲರೂ ಇದನ್ನು ಒಪ್ಪಿಲ್ಲ. ಚರ್ಚೆ ನಡೆದೇ ಇದೆ. ಆದರೆ ಬಳಲಿ ನಿಂತ ಎತ್ತು ಸತ್ತ ಎತ್ತಲ್ಲ ಎಂಬುದರಲ್ಲಿ ಸಂಶಯವಿಲ್ಲ. ಅದನ್ನು ನೊಗದಿಂದ ಬಿಡಿಸಿ, ನೀರು ಮೇವು ಕೊಟ್ಟರೆ ಎದ್ದು ನಿಲ್ಲುತ್ತದೆ. ಹಾಗೆಯೇ ಬಿಸಿಲಿನಲ್ಲಿ ಎಳೆಯುತ್ತಲೇ ಇರಬೇಕಾದರೆ ಕುಸಿದುಬೀಳುತ್ತದೆ.

ನಂಜಿನ ಮೂಲವನ್ನು ತೆಗೆಯುವುದೇ ಹೃದಯದ ನೊಗ ಬಿಡಿಸುವುದು. ರೋಗಾಣುನಾಶಕ ಔಷಧಿ, ನಾಳಕ್ಕೆ ಕೊಡುವ ದ್ರವ, ಆಮ್ಲಜನಕ, ಕೀವಿದ್ದರೆ ಅದನ್ನು ತೆಗೆಯುವುದು, ಗರ್ಭಕೋಶದಲ್ಲಿ ಮಾಸಿನ ಚೂರು ಉಳಿದಿದ್ದರೆ ಅದನ್ನು ಹೊರತೆಗೆಯುವುದು, ಇವೇ ಚಿಕಿತ್ಸೆ. ರೋಗಾಣು ಒಳಗೆ ಬೆಳೆಯುತ್ತಲೇ ಇದ್ದರೆ “ಬನ್ನಿ” ಎಂಬ ಕೂಗು ನಿಲ್ಲುವುದಿಲ್ಲ, “ಸಾಕು” ಎಂಬ ಮಾತು ಯಾರಿಗೂ ಕೇಳಿಸುವುದಿಲ್ಲ. 2006ರಲ್ಲಿ ಕೆನಡ ಮತ್ತು ಅಮೆರಿಕದ ಆಸ್ಪತ್ರೆಗಳ 2,731 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ನಂಜಿನಿಂದ ರಕ್ತದ ಒತ್ತಡ ಕುಸಿದ ಮೇಲೆ ಸರಿಯಾದ ಔಷಧಿ ಕೊಡುವುದು ಒಂದೊಂದು ಗಂಟೆ ತಡವಾದಂತೆಲ್ಲ ಬದುಕುಳಿಯುವವರ ಪ್ರಮಾಣವು ಸರಾಸರಿ ಶೇಕಡ 7.6ರಷ್ಟು ತಗ್ಗುತ್ತಿತ್ತೆಂದು ಕಂಡುಬಂದಿತು. ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ ಎಂಬುದನ್ನು ಗಮನಿಸಿ.

ಮನೆಯಲ್ಲಿ ಗಂಟೆಗಳು ಕಳೆಯುವ ಬಗೆ

ಒಂದು ಮನೆಯನ್ನು ಊಹಿಸಿಕೊಳ್ಳಿ. ಮೊದಲ ಹೆರಿಗೆಗೆಂದು ಹೆಣ್ಣುಮಗಳು ತವರಿಗೆ ಬಂದಿದ್ದಾಳೆ. ಹೆರಿಗೆಯಾಗಿ ಐದನೆಯ ದಿನ. ಸಂಜೆ ಚಳಿ ನಡುಕ ಬಂದು ಮೈ ಸುಡುತ್ತಿದೆ. “ಹಾಲು ಕಟ್ಟಿಕೊಂಡಿರಬೇಕು” ಎಂದು ಒಬ್ಬರು, “ತಣ್ಣೀರು ಮುಟ್ಟಿದ್ದಾಳೆ” ಎಂದು ಇನ್ನೊಬ್ಬರು ಹೇಳುತ್ತಾರೆ. ರಾತ್ರಿ ಅವಳು ಏದುಸಿರು ಬಿಡುತ್ತಾಳೆ. ಬೆಳಗಿನ ಜಾವಕ್ಕೆ ಸಂಬಂಧವಿಲ್ಲದ ಮಾತು ಆಡುತ್ತಾಳೆ. ಆಗ ಮನೆಯವರು “ಬಾಣಂತಿ ಸನ್ನಿ” ಎನ್ನುತ್ತಾರೆ. ಗಾಳಿ ಸೋಂಕಿತೆಂದು ಯಂತ್ರ ಕಟ್ಟಿಸಲು ಹೊರಡುತ್ತಾರೆ. ಅಳಿಯನು ತನ್ನ ಊರಿನಲ್ಲಿದ್ದಾನೆ, “ಅವರನ್ನು ಕೇಳದೆ ಹೇಗೆ ಕರೆದುಕೊಂಡು ಹೋಗುವುದು?” ಎಂದು ತಂದೆ ಯೋಚಿಸುತ್ತಾನೆ. ಮಾವಿನ ಸುಗ್ಗಿಯ ಕಾಲವಾದರೆ ಗಂಡಸರೆಲ್ಲ ತೋಪಿನಲ್ಲಿ. ಹೀಗೆ ಹನ್ನೆರಡು ಗಂಟೆಗಳು ಕಳೆದುಹೋದವು. ಇಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಅವಳ ಮೇಲೆ ಪ್ರೀತಿಯಿದೆ. ಆದರೆ ಅವಳ ಹೃದಯವು ಅಷ್ಟು ಹೊತ್ತೂ ನೊಗ ಹೊತ್ತು ಎಳೆಯುತ್ತಲೇ ಇತ್ತು.

ತಾಯಂದಿರೇ, ತೀವ್ರ ಜ್ವರದೊಡನೆ ಬುದ್ಧಿ ತಡವರಿಸುವುದು ಗಾಳಿಯಲ್ಲ, ನಂಜು ಮಿದುಳಿಗೆ ಮುಟ್ಟಿದ ಗುರುತಾಗಿರಬಹುದು. ಬಾಣಂತಿಗೆ ನೀರು ಕೊಡಬಾರದೆಂಬ ಪದ್ಧತಿಯೂ ತಪ್ಪು. ನಾಳಗಳಿಂದ ನೀರಿನಂಶ ಸೋರುವಾಗ ಬಾಯಿಗೂ ನೀರಿಲ್ಲದಿದ್ದರೆ ಹೃದಯ ಏನನ್ನು ತಾನೇ ದೂಡೀತು? ಬಾಣಂತಿಗೆ ಕಾಯಿಸಿ ಆರಿಸಿದ ನೀರನ್ನು ಬಾಯಾರಿಕೆ ಹಿಂಗುವಷ್ಟು ಕೊಡಿ.

ಹೆರಿಗೆ ಅಥವಾ ಗರ್ಭಪಾತವಾದ ಮೇಲೆ ಆರು ವಾರಗಳ ಒಳಗೆ ಈ ಕೆಳಗಿನ ಯಾವ ಲಕ್ಷಣ ಕಂಡರೂ ಕಾಯಬಾರದು:

1. ಚಳಿ ನಡುಕದೊಡನೆ ಜ್ವರ, ಅಥವಾ ಮೈ ತಣ್ಣಗಾಗಿ ಬೆವರುವುದು.
2. ಕೆಳಹೊಟ್ಟೆಯಲ್ಲಿ ಹೆಚ್ಚುತ್ತಿರುವ ನೋವು, ದುರ್ವಾಸನೆಯ ಸ್ರಾವ, ಹೊಲಿಗೆಯ ಗಾಯದಲ್ಲಿ ಕೀವು.
3. ಸುಮ್ಮನೆ ಮಲಗಿದ್ದಾಗಲೂ ಏದುಸಿರು, ಎದೆ ಡವಗುಟ್ಟುವುದು.
4. ತಲೆ ತಿರುಗುವುದು, ಮಂಪರು, ಸಂಬಂಧವಿಲ್ಲದ ಮಾತು.
5. ಮೂತ್ರ ಬಹಳ ಕಡಿಮೆಯಾಗುವುದು.

ಹುಟ್ಟಿದ ಮಗುವಿಗೆ ಜ್ವರವೇ ಬರಬೇಕೆಂದಿಲ್ಲ. ಮಗು ಮೊಲೆ ಚೀಪದಿರುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ಸಡಿಲವಾಗಿ ಮಲಗಿರುವುದು, ಮಿನಿಟಿಗೆ 60 ಸಲ ಅಥವಾ ಅದಕ್ಕಿಂತ ಹೆಚ್ಚಾಗಿ ಉಸಿರಾಡುವುದು, ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆಯುವುದು, ಹೊಕ್ಕುಳಿನ ಸುತ್ತ ಕೆಂಪಾಗುವುದು, ಸೆಳವು, ಇವುಗಳಲ್ಲಿ ಒಂದು ಕಂಡರೂ ಮಗುವನ್ನು ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ತಾಯಿಯ ಎದೆಗೆ ಅಪ್ಪಿಸಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಕರ್ನಾಟಕದಲ್ಲಿ 2008ರಿಂದ 108 ಸಂಖ್ಯೆಯ ಆಂಬ್ಯುಲೆನ್ಸ್ ಸೇವೆ ಇದೆ. ಕರೆಗೂ ಪ್ರಯಾಣಕ್ಕೂ ಹಣ ಕೊಡಬೇಕಾಗಿಲ್ಲ. ಕರೆ ಮಾಡುವಾಗ “ಹೆರಿಗೆಯಾಗಿ ಇಷ್ಟು ದಿನ, ಜ್ವರ, ಏದುಸಿರು” ಎಂದು ಸ್ಪಷ್ಟವಾಗಿ ಹೇಳಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯೂ, ಬಾಣಂತಿಯ ಮತ್ತು ಕಾಯಿಲೆಯ ಹಸುಗೂಸಿನ ಚಿಕಿತ್ಸೆಯೂ ಉಚಿತ. ಇಲ್ಲಿನ ವೈದ್ಯರು ಶ್ರೀನಿವಾಸಪುರಕ್ಕೋ ಕೋಲಾರದ ಶ್ರೀ ನರಸಿಂಹರಾಜ ಆಸ್ಪತ್ರೆಗೋ ಕಳುಹಿಸಿದರೆ “ನಾಳೆ ನೋಡೋಣ” ಎನ್ನದೆ ಆ ಗಳಿಗೆಯಲ್ಲಿಯೇ ಹೊರಡಿ.

ನಂಜು ಬಾರದಂತೆ ತಡೆಯುವುದು

ಹೃದಯಕ್ಕೆ ಎಲ್ಲಕ್ಕಿಂತ ದೊಡ್ಡ ರಕ್ಷಣೆ ನಂಜು ಬಾರದಿರುವುದೇ. ಇದರ ಪಾಠ ಹಳೆಯದು. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಗರ್ಭಿಣಿಯರನ್ನು ಮುಟ್ಟುವ ಮೊದಲು ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆ ಮಾಡಿದರು. ಏಪ್ರಿಲ್ ತಿಂಗಳಲ್ಲಿ ಅಲ್ಲಿ ನೂರಕ್ಕೆ 18 ಬಾಣಂತಿಯರು ಸಾಯುತ್ತಿದ್ದರು; ಜೂನ್ ತಿಂಗಳ ಹೊತ್ತಿಗೆ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಕೈ ತೊಳೆಯುವುದರಿಂದಲೇ ಇಷ್ಟು ಜೀವ ಉಳಿಯಿತು. ಆದುದರಿಂದ ಹೆರಿಗೆಯನ್ನು ಆಸ್ಪತ್ರೆಯಲ್ಲಿಯೇ ಮಾಡಿಸಿ. ಬಾಣಂತಿಯನ್ನೂ ಕೂಸನ್ನೂ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಹೊಕ್ಕುಳಿಗೆ ಸೆಗಣಿ, ಬೂದಿ, ಎಣ್ಣೆ ಏನನ್ನೂ ಹಚ್ಚಬೇಡಿ.

ನಮ್ಮ ರಾಜ್ಯದ ತಾಯಂದಿರೂ ಈ ವಿಷಯದಲ್ಲಿ ಪ್ರಪಂಚಕ್ಕೆ ಒಂದು ಪಾಠ ಕಲಿಸಿದ್ದಾರೆ. ಹೆರಿಗೆ ನೋವಿನ ವೇಳೆಯಲ್ಲಿ ಅಜಿತ್ರೋಮೈಸಿನ್ ಎಂಬ ಔಷಧಿಯನ್ನು ಒಂದೇ ಸಲ 2 ಗ್ರಾಂ ಕೊಟ್ಟರೆ ನಂಜು ತಗ್ಗುವುದೇ ಎಂದು ಏಳು ರಾಷ್ಟ್ರಗಳಲ್ಲಿ 29,278 ತಾಯಂದಿರಲ್ಲಿ ಪರೀಕ್ಷೆ ನಡೆಯಿತು. ಆ ಕೇಂದ್ರಗಳಲ್ಲಿ ನಮ್ಮ ಬೆಳಗಾವಿಯೂ ಒಂದು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧಿ ಪಡೆಯದವರಲ್ಲಿ ನೂರಕ್ಕೆ 2.4 ಮಂದಿಗೆ ನಂಜು ಅಥವಾ ಮರಣ ಸಂಭವಿಸಿದರೆ, ಪಡೆದವರಲ್ಲಿ ಅದು 1.6ಕ್ಕೆ ಇಳಿಯಿತು. ಹಸುಗೂಸುಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇದನ್ನು ಕೇಳಿ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಕೊಡುವುದೂ ಬಿಡುವುದೂ ವೈದ್ಯರ ನಿರ್ಧಾರ. ಮನಬಂದಂತೆ ನುಂಗಿದರೆ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ.

ಬೇಡವಾದ ಬಸಿರನ್ನು ಕಡ್ಡಿ, ಬೇರು, ಗುಟ್ಟಿನ ಔಷಧಿಗಳಿಂದ ತೆಗೆಸುವುದು ನಂಜಿಗೆ ಬಾಗಿಲು ತೆರೆದಂತೆ. 1971ರ ಕಾಯಿದೆಯಂತೆ ಅರ್ಹ ವೈದ್ಯರಿಂದ, ಅಂಗೀಕೃತ ಆಸ್ಪತ್ರೆಯಲ್ಲಿ ಗರ್ಭಪಾತ ಮಾಡಿಸಿಕೊಳ್ಳಲು ಅವಕಾಶವಿದೆ. ಅದಕ್ಕಿಂತ ಮೇಲಾದುದು ಬೇಡವಾದ ಬಸಿರೇ ಆಗದಂತೆ ನೋಡಿಕೊಳ್ಳುವುದು. ಒಂದು ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕನಿಷ್ಠ ಎರಡು ವರ್ಷ ಬಿಡಿ. ರಕ್ತಹೀನತೆಯಿರುವ ತಾಯಿಯ ಹೃದಯ ಮೊದಲೇ ಹೆಚ್ಚು ದುಡಿಯುತ್ತಿರುತ್ತದೆ. ಅವಳಿಗೆ ನಂಜು ತಗುಲಿದರೆ ತಾಳಿಕೊಳ್ಳುವ ಶಕ್ತಿ ಕಡಿಮೆ. ಆದುದರಿಂದ ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು.

ತೀವ್ರ ನಂಜಿನಿಂದ ಗುಣವಾಗಿ ಮನೆಗೆ ಬಂದ ತಾಯಿಗೆ ವಾರಗಳವರೆಗೆ, ಕೆಲವೊಮ್ಮೆ ತಿಂಗಳುಗಳವರೆಗೆ ಸುಸ್ತು ಇರುತ್ತದೆ. ಅದು ಸೋಮಾರಿತನವಲ್ಲ. ನೀರು ಹೊರುವುದು, ಹೊಲದ ಕೆಲಸ ಇವನ್ನು ಮನೆಯವರು ಹಂಚಿಕೊಳ್ಳಬೇಕು. ಏದುಸಿರು, ಕಾಲಿನ ಬಾವು ಕಂಡರೆ ಮತ್ತೆ ವೈದ್ಯರಿಗೆ ತೋರಿಸಬೇಕು. ಗರ್ಭಕೋಶದ ನಂಜು ಪೂರ್ತಿ ಗುಣವಾಗುವವರೆಗೆ ವಂಕಿ ಹಾಕಿಸಬಾರದು. ಅಲ್ಲಿಯವರೆಗೆ ನಿರೋಧ್ ಬಳಸುವ ಹೊಣೆ ಗಂಡನದು. ಇನ್ನು ಮಕ್ಕಳು ಬೇಡವೆಂದು ಇಬ್ಬರೂ ನಿರ್ಧರಿಸಿದ್ದರೆ, ಅವಳ ಮೈಮೇಲೆ ಮತ್ತೊಂದು ಶಸ್ತ್ರಕ್ರಿಯೆ ಹೊರಿಸುವ ಬದಲು ಗಂಡನೇ ಸರಳವಾದ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿಕೊಳ್ಳುವುದನ್ನು ಯೋಚಿಸಬಹುದು.

ಕೊನೆಯ ಮಾತು

ಸೋದರ ಸೋದರಿಯರೇ, ಕಣ್ಣಿಗೆ ಕಾಣದ ಕೋಶಗಳು ಕಷ್ಟಕಾಲದಲ್ಲಿ ಒಂದಕ್ಕೊಂದು ಸುದ್ದಿ ಮುಟ್ಟಿಸಿ ಹೃದಯವನ್ನು ಉಳಿಸಲು ಹೆಣಗುತ್ತವೆ. ಮನೆಯಲ್ಲಿರುವ ನಾವು ಮಾತನಾಡದೆ ಕುಳಿತರೆ ಅವುಗಳ ಹೆಣಗಾಟ ವ್ಯರ್ಥವಾಗುತ್ತದೆ. ಸೋದರಿಯರೇ, ಚಳಿ ಬಂದರೆ, ಸ್ರಾವ ನಾರಿದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಗಂಡನಿಗೋ, ಅತ್ತೆಯವರಿಗೋ, ಆಶಾ ಕಾರ್ಯಕರ್ತೆಗೋ ಹೇಳಿ. ಮನೆಯಲ್ಲಿ ಕನ್ನಡವಾಡಲಿ, ತೆಲುಗಾಡಲಿ, ಯಾವ ಮಾತಿನಲ್ಲಾದರೂ ಸರಿ, ಹೇಳಿ. ಸೋದರರೇ, ಹೆಂಡತಿಯನ್ನು ತವರಿಗೆ ಕಳುಹಿಸುವ ದಿನವೇ ನಿಮ್ಮ ಅತ್ತೆ ಮಾವಂದಿರಿಗೆ, “ಜ್ವರವೋ ಏದುಸಿರೋ ಬಂದರೆ ನನ್ನನ್ನು ಕೇಳಲು ಕಾಯಬೇಡಿ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆಮೇಲೆ ನನಗೆ ತಿಳಿಸಿ” ಎಂದು ಹೇಳಿಬಿಡಿ. ಈ ಒಂದು ಮಾತನ್ನು ಮುಂಚಿತವಾಗಿ ಆಡಿದ್ದರಿಂದ ಆ ಮನೆಯಲ್ಲಿ ಹನ್ನೆರಡು ಗಂಟೆಗಳು ಉಳಿಯುತ್ತವೆ. ಆ ಹನ್ನೆರಡು ಗಂಟೆಗಳಲ್ಲಿ ಒಂದು ಹೃದಯ ಚೇತರಿಸಿಕೊಳ್ಳಬಹುದು, ಒಂದು ಮಗು ತಾಯಿಯುಳ್ಳ ಮಗುವಾಗಿ ಬೆಳೆಯಬಹುದು.

ಇಂದು ಮನೆಗೆ ಹೋದ ಮೇಲೆ ಗಂಡ ಹೆಂಡಿರು ಕುಳಿತು ಈ ಮಾತನ್ನು ಆಡಿರೆಂದು ಕೇಳಿಕೊಂಡು, ನನ್ನ ಉಪನ್ಯಾಸವನ್ನು ಮುಗಿಸುತ್ತೇನೆ.